ಸ್ಕಾಲಾ ಭಾಷೆಯ ಏಕವಸ್ತುವೂ ಅದರ ಎರಡು ಕ್ಲಾಸ್ ಫೈಲುಗಳೂ

ಸ್ಕಾಲಾ ಎಂಬ ಕಂಪ್ಯೂಟರ್ ಭಾಷೆಯನ್ನು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಮಾರ್ಟಿನ್ ಒಡರ್‌ಸ್ಕಿಯವರು 2001ರಲ್ಲಿ ರೂಪಿಸತೊಡಗಿದರು. ಆ ಭಾಷೆಯಲ್ಲಿ ‘ಆಬ್ಜೆಕ್ಟ್’ ಎಂಬ ಪದವನ್ನಿಟ್ಟು ಘೋಷಿಸಿದ ವಸ್ತುವು ಒಂದೇ. ಅದಕ್ಕೆ ಸಜಾತೀಯವಾದ ಎರಡನೆಯದಿಲ್ಲ. ಆದರೂ ಮೂಲಬರಹವನ್ನು ಯಂತ್ರಕ್ಕೆ ತಿಳಿಯುವಂತೆ ಪರಿವರ್ತಿಸುವ ಕಂಪೈಲರು ಆ ಒಂದಕ್ಕೆ ಎರಡು ಕ್ಲಾಸ್ ಫೈಲುಗಳನ್ನು ಬರೆದಿಡುತ್ತದೆ. ವಸ್ತುವಿನ ಹೆಸರು ‘ಕೋಶ’ ಎಂದಿದ್ದರೆ, ‘ಕೋಶ’ ಎಂದೊಂದು, ‘ಕೋಶ$’ ಎಂದಿನ್ನೊಂದು. ಒಂದರಿಂದ ಆಗುವುದಕ್ಕೆ ಎರಡನ್ನು ಕಲ್ಪಿಸುವುದು ಗೌರವದೋಷವಲ್ಲವೇ ಎಂಬ ಶಂಕೆ ಇಲ್ಲಿ ಸಹಜವಾದುದು.

ಇದಕ್ಕೆ ಸಮಾಧಾನವೇನೆಂದರೆ: ಸ್ಕಾಲಾ ಬರಹವು ನಡೆಯುವುದು ಜಾವಾ ಯಂತ್ರದ ಮೇಲೆ. ಆ ಯಂತ್ರವು ಕ್ಲಾಸು, ಎಂದರೆ ಜಾತಿ, ಮತ್ತು ಅದರ ವ್ಯಕ್ತಿಗಳನ್ನು ಬಲ್ಲದು. ‘ಏಕವಸ್ತು’ವೆಂಬ ಪದಾರ್ಥವನ್ನು ಅರಿಯದು. ಜಾತಿಗೇ ಸೇರಿದ ಕಾರ್ಯಗಳಿಗೆ ಅಲ್ಲಿ ‘ಸ್ಟ್ಯಾಟಿಕ್’ ಎಂದು ಹೆಸರು. ಏಕವಸ್ತುವಿನ ಕಾರ್ಯಗಳನ್ನೆಲ್ಲ ಸ್ಟ್ಯಾಟಿಕ್ ಮಾಡಿಬಿಟ್ಟರೆ ವ್ಯಕ್ತಿಯೇ ಉಳಿಯುವುದಿಲ್ಲ; ಆಗ ಅದನ್ನು ಮತ್ತೊಂದು ಕಾರ್ಯಕ್ಕೆ ಮೌಲ್ಯವಾಗಿ ಒಪ್ಪಿಸಲೂ ಬಾರದು. ಆದುದರಿಂದ ‘ಕೋಶ$’ ಎಂಬ ಜಾತಿಯನ್ನು ನಿರ್ಮಿಸಿ, ಹೊರಗಿನವರು ಅದರ ವ್ಯಕ್ತಿಯನ್ನು ಸೃಷ್ಟಿಸದಂತೆ ಪ್ರತಿಬಂಧಿಸಿ, ಒಂದೇ ವ್ಯಕ್ತಿಯನ್ನು ‘ಮಾಡ್ಯೂಲ್$’ ಎಂಬ ಸ್ಟ್ಯಾಟಿಕ್ ಸ್ಥಾನದಲ್ಲಿ ಇರಿಸಲಾಗುತ್ತದೆ. ಜಾತಿಯ ಆರಂಭಸಂಸ್ಕಾರವು ಮೊದಲ ಬಳಕೆಯ ಕಾಲದಲ್ಲಿ, ಒಮ್ಮೆ ಮಾತ್ರ ನಡೆಯತಕ್ಕದ್ದೆಂಬುದು ಯಂತ್ರದ ನಿಯಮವಾದ್ದರಿಂದ ಏಕತ್ವವು ಸಿದ್ಧಿಸುತ್ತದೆ.

ಹಾಗಾದರೆ ‘ಕೋಶ’ ಫೈಲಿಗೆ ಪ್ರಯೋಜನವೇನು? ಜಾವಾದಲ್ಲಿ ಬರೆಯುವವರು ಕ್ಲಿಷ್ಟವಾದ ‘ಕೋಶ$’ ಎಂಬ ಹೆಸರನ್ನು ಬಳಸದೆ ನೇರವಾಗಿ ಕರೆಯಲೆಂದು ಅದರಲ್ಲಿ ಸ್ಟ್ಯಾಟಿಕ್ ಕಾರ್ಯಗಳಿರುತ್ತವೆ. ಇವು ಸ್ವತಃ ಏನನ್ನೂ ಮಾಡವು. ಬಂದ ಕರೆಯನ್ನು ನಿಜವಾದ ವ್ಯಕ್ತಿಗೆ ದಾಟಿಸುತ್ತವೆ. ಕಾರ್ಯಕ್ರಮದ ಆರಂಭದ್ವಾರವಾದ ‘ಮೇನ್’ ಎಂಬುದನ್ನು ಯಂತ್ರವು ಸಂಪ್ರದಾಯದಂತೆ ಸ್ಟ್ಯಾಟಿಕ್ ರೂಪದಲ್ಲಿ ಹುಡುಕುವುದರಿಂದ, ಏಕವಸ್ತುವಿನೊಳಗೆ ಬರೆದ ‘ಮೇನ್’ ನಡೆಯುವುದೂ ಈ ದ್ವಾರದಿಂದಲೇ.

ಇದಕ್ಕೊಂದು ಅಪವಾದವುಂಟು. ಅದೇ ಹೆಸರಿನ ಕ್ಲಾಸನ್ನೂ ಬರಹಗಾರನೇ ಜೊತೆಯಲ್ಲಿ ಘೋಷಿಸಿದ್ದರೆ ದಾಟಿಸುವ ಕಾರ್ಯಗಳು ಆ ಕ್ಲಾಸಿನೊಳಗೇ ಸೇರುತ್ತವೆ. ಅಲ್ಲಿ ಅದೇ ಹೆಸರಿನ ಕಾರ್ಯವು ಮೊದಲೇ ಇದ್ದಲ್ಲಿ ಕಂಪೈಲರು ದಾಟಿಸುವುದನ್ನು ಬಿಟ್ಟುಬಿಡುತ್ತದೆ. ಆಗ ಜಾವಾದಿಂದ ಕರೆಯುವವನು ‘ಕೋಶ$’ದ ‘ಮಾಡ್ಯೂಲ್$’ ಅನ್ನೇ ಆಶ್ರಯಿಸಬೇಕು. ಈ ಮರ್ಮವನ್ನರಿಯದವನಿಗೆ ಇದ್ದ ಕಾರ್ಯವೂ ಕಾಣದಂತಾಗುವುದು.

ಹೀಗೆ ಒಂದು ಫೈಲು ವಸ್ತುವಿನ ಸ್ವರೂಪಕ್ಕೆ, ಮತ್ತೊಂದು ವ್ಯವಹಾರಕ್ಕೆ. ಪ್ರಯೋಜನಭೇದವಿರುವಲ್ಲಿ ಗೌರವವು ದೋಷವಲ್ಲವೆಂಬುದು ಶಾಸ್ತ್ರಜ್ಞರಿಗೆ ವಿದಿತವೇ ಆಗಿದೆ.