ಕೇಬಲ್‌ನ ಎಳೆತ ಎಷ್ಟಿರಬೇಕು?

ಕೋಲ್ಕತ್ತದಲ್ಲಿ ಹೂಗ್ಲಿ ನದಿಯನ್ನು ದಾಟಿಸುವ ವಿದ್ಯಾಸಾಗರ ಸೇತುವೆಯ ನಡುವಿನ ಸ್ಪ್ಯಾನ್, ಅಂದರೆ ಎರಡು ಗೋಪುರಗಳ ನಡುವಣ ಅಂತರ, 457.2 ಮೀಟರ್. ಗೋಪುರದಿಂದ ದಡದ ಕಡೆಗಿರುವ ಪಕ್ಕದ ಸ್ಪ್ಯಾನ್ ಒಂದೊಂದೂ 182.88 ಮೀಟರ್. ಭಾಗಿಸಿ ನೋಡಿದರೆ ಸರಿಯಾಗಿ 0.4 ಬರುತ್ತದೆ. ಪಕ್ಕದ್ದನ್ನು ನಡುವಿನದರ ಅರ್ಧದಷ್ಟು ಇಟ್ಟಿದ್ದರೆ ಗೋಪುರದ ಎರಡೂ ಬದಿ ಸಮತೂಕವಾಗುತ್ತಿತ್ತಲ್ಲ, ಮತ್ತೇಕೆ ಇಡಲಿಲ್ಲ? ಸಿವಿಲ್ ಎಂಜಿನಿಯರಿಂಗ್ ಓದುವವರಿಗೆ ಕೇಬಲ್ ಸೇತುವೆಯ ಪ್ರಾಥಮಿಕ ವಿನ್ಯಾಸ ಕಲಿಸಲು ಇದಕ್ಕಿಂತ ಒಳ್ಳೆಯ ಮೊದಲ ಪ್ರಶ್ನೆ ನನಗೆ ಗೊತ್ತಿಲ್ಲ.

ಸುಳ್ಯದ ಸುತ್ತಮುತ್ತ ಹೊಳೆ ದಾಟಲು ಕಟ್ಟಿರುವ ಕಾಲುಸೇತುವೆಗಳಲ್ಲಿ ದಡದಿಂದ ದಡಕ್ಕೆ ಜೋಲುವ ಮುಖ್ಯ ಹಗ್ಗವೊಂದಿರುತ್ತದೆ. ನಡೆಯುವ ಹಲಗೆ ಅದರಿಂದ ತೂಗುತ್ತದೆ. ನಾವಿಲ್ಲಿ ಮಾತಾಡುತ್ತಿರುವ ಸೇತುವೆ ಬೇರೆ ಜಾತಿಯದು. ಬೆಂಗಳೂರಿನ ಕೆ.ಆರ್. ಪುರದಲ್ಲಿ ರೈಲು ಹಳಿಗಳ ಮೇಲೆ 2003ರಿಂದ ಇರುವುದು ಈ ಜಾತಿಗೆ ಸೇರಿದ್ದು. ಇದರಲ್ಲಿ ಪ್ರತಿ ಕೇಬಲ್ಲೂ ಗೋಪುರದಿಂದ ರಸ್ತೆಯ ಹಾಸಿಗೆ ನೇರವಾಗಿ, ಓರೆಯಾಗಿ ಇಳಿಯುತ್ತದೆ. ಓರೆಯಾಗಿರುವುದರಿಂದಲೇ ಅದು ಹಾಸನ್ನು ಮೇಲಕ್ಕೆ ಎತ್ತುವುದಷ್ಟೇ ಅಲ್ಲ, ಗೋಪುರದ ಕಡೆಗೂ ತಳ್ಳುತ್ತದೆ.

ಈ ತಳ್ಳುವಿಕೆಯನ್ನು ಮೈಯಲ್ಲೇ ಅನುಭವಿಸಬಹುದು. ಒಬ್ಬ ವಿದ್ಯಾರ್ಥಿನಿ ಎರಡೂ ತೋಳು ಚಾಚಿ ನಿಲ್ಲಲಿ. ನೆತ್ತಿಯ ಮೇಲೆ ಮಡಿಸಿದ ಬಟ್ಟೆ ಇಟ್ಟು, ಅದರ ಮೇಲಿಂದ ಹಗ್ಗ ಹಾಯಿಸಿ ಎರಡು ಮುಂಗೈಗೂ ಕಟ್ಟಿ, ಒಂದೊಂದು ಕೈಗೆ ಅರ್ಧ ತುಂಬಿದ ಕೊಡ ತೂಗುಹಾಕಿ. ಹಗ್ಗ ಬಿಗಿಯುತ್ತದೆ, ತೋಳುಗಳು ಭುಜದೊಳಕ್ಕೆ ಒತ್ತಿಕೊಳ್ಳುತ್ತವೆ, ಭಾರವೆಲ್ಲ ಕತ್ತಿನ ಮೂಲಕ ಕಾಲಿಗೆ ಇಳಿಯುತ್ತದೆ. ಈಗ ಒಂದು ಕೊಡಕ್ಕೆ ಮಾತ್ರ ಇನ್ನಷ್ಟು ನೀರು ಹಾಕಿದರೆ ತಲೆ ಆ ಕಡೆಗೆ ವಾಲುತ್ತದೆ. ಹಗುರವಾದ ಕಡೆಯ ಕೈಯನ್ನು ಗೆಳತಿಯೊಬ್ಬಳು ನೆಲದತ್ತ ಜಗ್ಗಿ ಹಿಡಿದರೆ ತಲೆ ಮತ್ತೆ ನೆಟ್ಟಗಾಗುತ್ತದೆ. ಆ ಬದಿಯ ಹಗ್ಗವೇ ಬ್ಯಾಕ್‌ಸ್ಟೇ, ಅಂದರೆ ಗೋಪುರದ ತುದಿಯನ್ನು ಹಿಂದಿನಿಂದ ಹಿಡಿದಿಡುವ ಕೇಬಲ್. ಸ್ಕಾಟ್ಲೆಂಡಿನ ಫೋರ್ತ್ ರೈಲು ಸೇತುವೆಯ ತತ್ವವನ್ನು ತೋರಿಸಲು 1887ರಲ್ಲಿ ಬೆಂಜಮಿನ್ ಬೇಕರ್ ಮಾಡಿದ್ದೂ ಇಂಥದ್ದೇ: ಇಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಅವರ ತೋಳುಗಳ ಆಧಾರದಿಂದ ನಡುವೆ ಕಾಯ್ಚಿ ವಾಟಾನಬೆ ಎಂಬ ಜಪಾನಿ ಎಂಜಿನಿಯರನ್ನು ಎತ್ತಿ ಹಿಡಿದಿದ್ದ. ಬಲ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಒಮ್ಮೆ ಮೈಗೆ ಗೊತ್ತಾದರೆ ಮರೆಯುವುದಿಲ್ಲ.

ಆಮೇಲೆ ಪೆನ್ಸಿಲ್ಲು, ಹಾಳೆ. ಸಾಫ್ಟ್‌ವೇರ್ ಇನ್ನೂ ಬೇಡ. ಇದನ್ನು ನಾನು ಒತ್ತಿ ಹೇಳುತ್ತೇನೆ, ಕೇಬಲ್ ಸೇತುವೆ ಇಂದಿನ ರೂಪಕ್ಕೆ ಬಂದದ್ದರಲ್ಲಿ ಕಂಪ್ಯೂಟರಿನ ಪಾಲು ದೊಡ್ಡದು ಎಂದು ತಿಳಿದೂ. ಫ್ರಾಂಟ್ಸ್ ಡಿಷಿಂಗರ್ ವಿನ್ಯಾಸ ಮಾಡಿದ, 1956ರಲ್ಲಿ ತೆರೆದ ಸ್ವೀಡನ್ನಿನ ಸ್ಟ್ರೋಮ್‌ಸುಂಡ್ ಸೇತುವೆಯ ನಡುವಿನ ಸ್ಪ್ಯಾನ್ ಸುಮಾರು 183 ಮೀಟರ್. ಅದಕ್ಕೆ ಇದ್ದದ್ದು ಕೆಲವೇ ಕೇಬಲ್‌ಗಳು. ಕೇಬಲ್ ಹೆಚ್ಚಿದಷ್ಟೂ ಬಿಡಿಸಬೇಕಾದ ಸಮೀಕರಣಗಳು ಹೆಚ್ಚುತ್ತವೆ. ಕಂಪ್ಯೂಟರ್ ಕೈಗೆ ಬಂದ ಮೇಲೆ, 1967ರಲ್ಲಿ, ಹೆಲ್‌ಮುಟ್ ಹೋಂಬರ್ಗ್ ಜರ್ಮನಿಯ ಬಾನ್‌ನಲ್ಲಿ ಒತ್ತೊತ್ತಾಗಿ ಕೇಬಲ್‌ಗಳಿರುವ ಸೇತುವೆ ಕಟ್ಟಿದರು. ಆಧಾರಗಳು ಹತ್ತಿರವಾದಂತೆ ಹಾಸು ತೆಳ್ಳಗಾಗುತ್ತ ಹೋಯಿತು.

ಹಾಗಿದ್ದರೆ ಕೈಲೆಕ್ಕ ಯಾಕೆ? ಏಕೆಂದರೆ ಬೇರೆ ರಚನೆಗಳಲ್ಲಿ ವಿದ್ಯಾರ್ಥಿ ಬಲವನ್ನು ಕಂಡುಹಿಡಿಯುತ್ತಾನೆ; ಇಲ್ಲಿ ಅವನೇ ಗೊತ್ತುಮಾಡಬೇಕು. ಕೇಬಲ್ಲನ್ನು ಜ್ಯಾಕ್ ಹಾಕಿ ಎಳೆದು ಕಟ್ಟುತ್ತಾರೆ. ಎಷ್ಟು ಎಳೆಯಬೇಕು ಎನ್ನುವುದು ವಿನ್ಯಾಸಕಾರನ ತೀರ್ಮಾನ. ಪ್ರತಿ ಕೇಬಲ್ ಕಚ್ಚಿದ ಜಾಗದಲ್ಲೂ ಹಾಸಿನ ಕೆಳಗೆ ಗಟ್ಟಿ ಕಂಬವೊಂದು ಇದೆ ಎಂದುಕೊಂಡು, ಆ ಕಂಬ ಹೊರಬೇಕಾಗಿದ್ದ ಭಾರವನ್ನೇ ಕೇಬಲ್‌ಗೆ ಕೊಟ್ಟರೆ, ಸ್ವಂತ ಭಾರದಲ್ಲಿ ಹಾಸು ಹೆಚ್ಚು ಬಾಗದೆ ನಿಲ್ಲುತ್ತದೆ. ನೂರಾರು ಸಮೀಕರಣಗಳ ಸಮಸ್ಯೆ ಹೀಗೆ ಒಂದು ತ್ರಿಕೋನದ ಲೆಕ್ಕಕ್ಕೆ ಇಳಿಯುತ್ತದೆ. ನನ್ನ ಪಾಲಿಗೆ ಇಡೀ ಪಾಠದ ಜೀವ ಇರುವುದು ಇಲ್ಲಿ.

ಉದಾಹರಣೆಗೆ 250 ಮೀಟರ್ ಸ್ಪ್ಯಾನಿನ ಒಂದು ಕಾಂಕ್ರೀಟ್ ಸೇತುವೆ. ಹಾಸಿನ ಸ್ವಂತ ಭಾರ ಮೀಟರಿಗೆ 20 ಟನ್, ವಾಹನಗಳದ್ದು 5 ಟನ್ ಎಂದಿಟ್ಟುಕೊಳ್ಳೋಣ. ರಸ್ತೆಯ ಎರಡು ಅಂಚಿಗೂ 10 ಮೀಟರಿಗೊಂದರಂತೆ ಕೇಬಲ್. ಒಂದೊಂದು ಕೇಬಲ್ ಎತ್ತಬೇಕಾದ ಭಾರ 125 ಟನ್. ಹಾಸಿನಿಂದ ಮೇಲಕ್ಕೆ ಗೋಪುರದ ಎತ್ತರ ಸ್ಪ್ಯಾನಿನ ಐದನೇ ಒಂದು ಭಾಗ, 50 ಮೀಟರ್. ಸೇತುವೆಯ ನಟ್ಟನಡುವಿಗೆ ಇಳಿಯುವ ಕೇಬಲ್ಲಿನ ಕೋನ ಸುಮಾರು 22 ಡಿಗ್ರಿ. ಅದರ ಎಳೆತ ಭಾರದ 2.7 ಪಟ್ಟು, ಅಂದರೆ 337 ಟನ್. ಏಳು ತಂತಿ ಹೆಣೆದ 15.7 ಮಿಲಿಮೀಟರ್ ದಪ್ಪದ ಸ್ಟ್ರ್ಯಾಂಡ್ ಸುಮಾರು 28 ಟನ್ನಿಗೆ ತುಂಡಾಗುತ್ತದೆ. ಶೇ. 45ರಷ್ಟು ಮಾತ್ರ ಬಳಸುವುದು ರೂಢಿ. ಹಾಗಾಗಿ ಒಂದಕ್ಕೆ 12.5 ಟನ್. ಈ ಕೇಬಲ್ಲಿಗೆ 27 ಸ್ಟ್ರ್ಯಾಂಡ್ ಬೇಕು. ಗೋಪುರದ ಪಕ್ಕದಲ್ಲೇ ಕಡಿದಾಗಿ ಇಳಿಯುವ ಕೇಬಲ್ಲಿಗೆ 11 ಸಾಕು.

ಗೋಪುರವನ್ನು ಅರ್ಧಕ್ಕೆ ತಗ್ಗಿಸಿದರೆ? ಕೋನ 11 ಡಿಗ್ರಿಗೆ ಇಳಿದು ಎಳೆತ 5 ಪಟ್ಟು ದಾಟುತ್ತದೆ. ಇಮ್ಮಡಿ ಮಾಡಿದರೆ ಉಳಿಯುವ ಕೇಬಲ್ ಉಕ್ಕಿಗಿಂತ ಗೋಪುರದ ಖರ್ಚೇ ಹೆಚ್ಚು. ಐದನೇ ಒಂದು, ನಾಲ್ಕನೇ ಒಂದು ಎಂಬ ಅಂದಾಜುಗಳು ಬಂದದ್ದು ಈ ಹಗ್ಗಜಗ್ಗಾಟದಿಂದ. ಶರಾವತಿ ಹಿನ್ನೀರಿನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2025ರ ಜುಲೈನಲ್ಲಿ ತೆರೆದ ಸಿಗಂದೂರು ಸೇತುವೆಯ ಗೋಪುರಗಳು ಗಿಡ್ಡ ಎಂದು ಯಾರಾದರೂ ಕೇಳಬಹುದು. ಅದು ಎಕ್ಸ್‌ಟ್ರಾಡೋಸ್ಡ್ ಎಂಬ ಬಗೆಯದು. ಅಲ್ಲಿ ಭಾರದ ದೊಡ್ಡ ಪಾಲನ್ನು ದಪ್ಪನೆಯ ತೊಲೆಯೇ ಹೊರುತ್ತದೆ. ಕೇಬಲ್ ಅದಕ್ಕೆ ನೆರವು.

ಹಾಸಿನೊಳಗಿನ ಒತ್ತಡದ ಸೂತ್ರ ವಿದ್ಯಾರ್ಥಿಗಳಿಗೆ ಹಳೆಯ ಪರಿಚಯ. ಮೀಟರಿನ ಭಾರವನ್ನು ಸ್ಪ್ಯಾನಿನ ವರ್ಗದಿಂದ ಗುಣಿಸಿ ಎಂಟರಿಂದ ಭಾಗಿಸುವುದು ಸಾದಾ ತೊಲೆಯ ಪಾಠದಲ್ಲೇ ಬಂದಿರುತ್ತದೆ. ಅದನ್ನು ಗೋಪುರದ ಎತ್ತರದಿಂದ ಇನ್ನೊಮ್ಮೆ ಭಾಗಿಸಿದರೆ ಗೋಪುರದ ಬಳಿ ಹಾಸನ್ನು ಹಿಂಡುವ ಬಲ ಸಿಗುತ್ತದೆ: ಸ್ವಂತ ಭಾರಕ್ಕೆ 3,125 ಟನ್. ದೊಡ್ಡ ಸಂಖ್ಯೆಯೇ. ಆದರೆ 6 ಚದರ ಮೀಟರ್ ಅಡ್ಡಕೊಯ್ತದ ಕಾಂಕ್ರೀಟಿಗೆ ಅದು ಭಾರವಲ್ಲ, ಉಪಕಾರ. ಕಾಂಕ್ರೀಟಿಗೆ ಹಿಂಡಿಸಿಕೊಳ್ಳುವುದೇ ಇಷ್ಟ.

ಈಗ 0.4ರ ಪ್ರಶ್ನೆ. ಪಕ್ಕದ ಸ್ಪ್ಯಾನ್ ಸರಿಯಾಗಿ ಅರ್ಧವಾಗಿದ್ದರೆ ಸ್ವಂತ ಭಾರದಲ್ಲಿ ಬ್ಯಾಕ್‌ಸ್ಟೇಗೆ ಹೆಚ್ಚುವರಿ ಎಳೆತವೇ ಇರುವುದಿಲ್ಲ. ಪಕ್ಕದ ಸ್ಪ್ಯಾನಿನ ಮೇಲೆ ಲಾರಿಗಳ ಸಾಲು ಬಂದು ನಿಂತರೆ ಅದು ಸಡಿಲಗೊಳ್ಳುತ್ತದೆ, ಗೋಪುರ ದಡದ ಕಡೆಗೆ ಸರಿಯುತ್ತದೆ. ಬಿಗಿಯುತ್ತ ಸಡಿಲಿಸುತ್ತ ಇದ್ದರೆ ಉಕ್ಕು ದಣಿಯುತ್ತದೆ. ಪಕ್ಕದ ಸ್ಪ್ಯಾನನ್ನು 0.4ಕ್ಕೆ ತಗ್ಗಿಸಿದರೆ ನಡುವಿನ ಭಾರವೇ ಸದಾ ಹೆಚ್ಚಾಗಿ, ಬ್ಯಾಕ್‌ಸ್ಟೇ ಯಾವಾಗಲೂ ಬಿಗಿಯಾಗಿರುತ್ತದೆ. ಅದಕ್ಕೆ ಬೆಲೆಯೂ ಇದೆ: ನಮ್ಮ ಸೇತುವೆಯ ಒಂದೊಂದು ತುದಿಯನ್ನೂ ಸ್ವಂತ ಭಾರವೇ 560 ಟನ್ ಬಲದಿಂದ ಮೇಲಕ್ಕೆ ಎತ್ತುತ್ತದೆ. ಅಷ್ಟನ್ನು ತಡೆಯಲು ಭಾರ ಹೇರಬೇಕು, ಇಲ್ಲವೇ ಕಂಬಕ್ಕೆ ಕಟ್ಟಿಹಾಕಬೇಕು.

ಇಷ್ಟು ಮುಗಿದ ಮೇಲೆ ಸಾಫ್ಟ್‌ವೇರ್ ತೆರೆಯಲಿ. ಅದು 337ರ ಬದಲು 360 ಹೇಳಿದರೆ ಸಹಜ, ಹಾಸಿಗೂ ಗೋಪುರಕ್ಕೂ ತಮ್ಮದೇ ಬಿಗುವಿದೆ. 900 ಹೇಳಿದರೆ ಎಲ್ಲೋ ತಪ್ಪು ತುಂಬಿದ್ದಾರೆ. ಕೈಲೆಕ್ಕವಿಲ್ಲದವನಿಗೆ ಎರಡೂ ಒಂದೇ.

ಒಂದು ಕೇಬಲ್ ಹೋದರೆ ಏನಾಗುತ್ತದೆ ಎಂಬ ಲೆಕ್ಕವನ್ನೂ ಈ ಹಂತದಲ್ಲೇ ಮಾಡಿಸಬೇಕು. ರಿಕಾರ್ಡೊ ಮೊರಾಂಡಿ ವಿನ್ಯಾಸದ, 1967ರಲ್ಲಿ ತೆರೆದ ಇಟಲಿಯ ಜಿನೋವಾ ಸೇತುವೆಯಲ್ಲಿ ಗೋಪುರಕ್ಕೆ ನಾಲ್ಕೇ ಆಧಾರಗಳು, ಅವೂ ಕಾಂಕ್ರೀಟಿನೊಳಗೆ ಹುದುಗಿದ್ದವು. ಒಳಗಿನ ಉಕ್ಕಿನ ತುಕ್ಕು ಹೊರಗಿನವರ ಕಣ್ಣಿಗೆ ಬೀಳುವಂತಿರಲಿಲ್ಲ. ಒಂದು ಸೋತರೆ ಭಾರ ಹಂಚಿಕೊಳ್ಳಲು ಪಕ್ಕದಲ್ಲಿ ಇನ್ನೊಂದಿರಲಿಲ್ಲ. 2018ರ ಆಗಸ್ಟ್ 14ರಂದು ಅದು ಕುಸಿದು 43 ಜನ ಸತ್ತರು. ನಮ್ಮ ಸೇತುವೆಯಲ್ಲಿ ಒಂದು ಕೇಬಲ್ ಬಿಚ್ಚಿದರೆ ಅಲ್ಲಿ ಹಾಸು 10 ಮೀಟರಿನ ಬದಲು 20 ಮೀಟರ್ ಹಾಯಬೇಕು. ಬಾಗುವಿಕೆ ಸ್ಥೂಲವಾಗಿ ನಾಲ್ಕು ಪಟ್ಟು. ಹಾಸು ತಾಳದಿದ್ದರೆ ಒಂದೋ ಅದನ್ನು ದಪ್ಪ ಮಾಡಬೇಕು, ಇಲ್ಲವೇ ಕೇಬಲ್‌ಗಳನ್ನು 8 ಮೀಟರಿಗೊಂದರಂತೆ ಇಟ್ಟು ಮೊದಲಿನಿಂದ ಲೆಕ್ಕ ಹಾಕಬೇಕು: ಕೇಬಲ್ಲಿಗೆ 100 ಟನ್ ಭಾರ, ಉದ್ದನೆಯದಕ್ಕೆ 270 ಟನ್ ಎಳೆತ, 22 ಸ್ಟ್ರ್ಯಾಂಡ್.