ಮೊದಲು ಒಂದು ಎಲ್‌ಇಡಿ ಮಿನುಗಿಸಿ

ಇದು ಆರ್ಡುಯಿನೊ ಊನೊ ಆರ್3. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ, ಡಿಸೈನ್ ಓದೋ ವಿದ್ಯಾರ್ಥಿಗಳಿಗಾಗಿ ಶುರುವಾದ ಬೋರ್ಡುಗಳ ಕುಟುಂಬದ್ದು. ಮೇಲಿರೋ ಕಪ್ಪು ಚಿಪ್ ಎಟಿಮೆಗಾ 328ಪಿ. ಪ್ರೋಗ್ರಾಮಿಗೆ 32 ಕೆಬಿ ಜಾಗ, ರ್‍ಯಾಮ್ ಬರೀ 2 ಕೆಬಿ. ನಿಮ್ಮ ಫೋನಿನ ಒಂದು ಫೋಟೋನೂ ಹಿಡಿಸಲ್ಲ! ಆದ್ರೆ ಮಣ್ಣು ಒಣಗಿದಾಗ ಪಂಪ್ ಆನ್ ಮಾಡಿಸೋಕೆ ಇಷ್ಟು ಧಾರಾಳವಾಯ್ತು.

ಯುಎಸ್‌ಬಿ ಕೇಬಲ್ ಸಿಕ್ಕಿಸಿ. ಕಂಪ್ಯೂಟರಿನಲ್ಲಿ ಕೋಡ್ ಬರೆಯೋ ತಂತ್ರಾಂಶವಾದ ಆರ್ಡುಯಿನೊ ಐಡಿಇಯಲ್ಲಿ ‘ಬ್ಲಿಂಕ್’ ಉದಾಹರಣೆ ತೆರೆದು ಅಪ್‌ಲೋಡ್ ಒತ್ತಿ. ಬೋರ್ಡಿನ ಮೇಲೇ ಇರೋ ಎಲ್‌ಇಡಿ ಮಿನುಗತ್ತೆ. ಪೋರ್ಟೇ ಕಾಣಿಸ್ತಿಲ್ವಾ? ಮೊದಲು ಕೇಬಲ್ ಬದಲಿಸಿ. ಚಾರ್ಜಿಂಗಿಗೆ ಮಾತ್ರ ಅಂತ ಮಾಡಿರೋ ಕೇಬಲಿನಲ್ಲಿ ಡೇಟಾ ತಂತಿಗಳೇ ಇರಲ್ಲ. ಇಷ್ಟಕ್ಕೇ ಎಷ್ಟೋ ಹೊಸಬರು ಕೈಬಿಡ್ತಾರಲ್ಲ, ಅದೇ ಬೇಸರ.

ಕೋಡಿನಲ್ಲಿ ‘ಸೆಟಪ್’ ಶುರುವಲ್ಲಿ ಒಂದೇ ಸಲ ಓಡತ್ತೆ. ‘ಲೂಪ್’ ಕರೆಂಟ್ ಇರೋವರೆಗೂ ಸುತ್ತುತ್ತಾನೇ ಇರತ್ತೆ. ಅಲ್ಲಿ ಎರಡು ಕಡೆ ಇರೋ 1000 ಅಂದ್ರೆ ಸಾವಿರ ಮಿಲಿಸೆಕೆಂಡ್ ಕಾಯೋದು. ಎರಡೂ ಕಡೆ 100 ಮಾಡಿ, ಮತ್ತೆ ಅಪ್‌ಲೋಡ್ ಮಾಡಿ. ನೋಡಿ, ಹತ್ತು ಪಟ್ಟು ವೇಗ!

ಹೊರಗಿಂದ ಎಲ್‌ಇಡಿ ಹಾಕ್ತೀರಾ? ಜೊತೆಗೆ ಸರಣಿಯಲ್ಲಿ 220 ಓಮ್ ರೆಸಿಸ್ಟರ್ ಇರಲೇಬೇಕು. ಪಿನ್ ಕೊಡೋದು 5 ವೋಲ್ಟ್, ಕೆಂಪು ಎಲ್‌ಇಡಿಗೆ ಸಾಕಾಗೋದು ಸುಮಾರು 2. ರೆಸಿಸ್ಟರ್ ಇಲ್ಲದಿದ್ರೆ ಕರೆಂಟ್ ಮಿತಿ ಮೀರಿ, ಎಲ್‌ಇಡಿ ಜೊತೆ ಚಿಪ್ಪಿನ ಪಿನ್ನೂ ಸುಟ್ಟುಹೋಗಬಹುದು.