ಕಬ್ಬಿನ ಲಾರೀಲಿ ಜನ ಕೂರಿಸೋದು ಹೇಗೆ? ಗಗನಯಾನ ರಾಕೆಟ್ ಕಥೆ

ಬಸರಾಳು ರಸ್ತೇಲಿ ಕಬ್ಬಿನ ಲಾರಿ ನೋಡಿರ್ತೀರಿ. ಎಷ್ಟೇ ಭಾರ ಹೊತ್ತರೂ ಅದರಲ್ಲಿ ಶಾಲೆ ಮಕ್ಕಳನ್ನ ಕಳಿಸ್ತೀವಾ? ಇಸ್ರೋದ ಎಲ್‌ವಿಎಂ-3 ರಾಕೆಟ್ಟಿಗೂ ಇದೇ ಪ್ರಶ್ನೆ. ಅದು ಉಪಗ್ರಹ ಹೊರೋ ಗಾಡಿ. ಗಗನಯಾನಕ್ಕೆ ಮನುಷ್ಯರನ್ನ ಹೊರಬೇಕು.

ಭಯ ಇರೋದು ಅದರ ಪಕ್ಕದ ಎರಡು ಬೂಸ್ಟರ್‌ಗಳದ್ದು. ಒಂದೊಂದರಲ್ಲೂ 200 ಟನ್ನಿಗೂ ಹೆಚ್ಚು ಘನ ಇಂಧನ. ದೀಪಾವಳಿ ರಾಕೆಟ್ ಥರ, ಹೊತ್ತಿಸಿದ ಮೇಲೆ ಆರಿಸೋಕಾಗಲ್ಲ. ಹಾಗಾಗಿ ಏನಾದರೂ ಕೆಟ್ಟರೆ ಜನ ಕೂತಿರೋ ಕ್ಯಾಬಿನ್ನನ್ನೇ ಕಿತ್ತುಕೊಂಡು ದೂರ ಹಾರಬೇಕು. ಅದಕ್ಕೇ ರಾಕೆಟ್ ತುದಿಯಲ್ಲಿ ಬೇರೆ ಮೋಟಾರ್‌ಗಳನ್ನ ಕೂರಿಸ್ತಾರೆ. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಲ್ಲಿ, ಚಿಕ್ಕ ರಾಕೆಟ್ ಮೇಲೆ ಖಾಲಿ ಕ್ಯಾಬಿನ್ ಇಟ್ಟು ಪರೀಕ್ಷಿಸಿದರು. ಸುಮಾರು 12 ಕಿ.ಮೀ. ಎತ್ತರದಲ್ಲಿ ಕ್ಯಾಬಿನ್ ತಪ್ಪಿಸಿಕೊಂಡು, ಪ್ಯಾರಾಚೂಟ್ ಬಿಚ್ಚಿ ಸಮುದ್ರಕ್ಕಿಳಿಯಿತು. ಆದರೆ ನೀರಲ್ಲಿ ತೇಲಿದ್ದು ತಲೆಕೆಳಗಾಗಿ! ಒಳಗೆ ಜನ ಇದ್ದಿದ್ರೆ?

ಮೇಲಿನ ಹಂತದ ಕ್ರಯೋಜೆನಿಕ್ ಎಂಜಿನ್ ಮಾಮೂಲಿ ಹಾರಾಟದಲ್ಲಿ ಉರಿಯೋದು ಸುಮಾರು ಹತ್ತು ನಿಮಿಷ. ಮನುಷ್ಯರಿಗೆ ಯೋಗ್ಯ ಅನ್ನಿಸಿಕೊಳ್ಳೋಕೆ ನೆಲದ ಮೇಲೆ 6,350 ಸೆಕೆಂಡ್ ಉರಿದು ತೋರಿಸಬೇಕಿತ್ತು. ನಾಲ್ಕು ಎಂಜಿನ್, 39 ಪರೀಕ್ಷೆ, ಒಟ್ಟು 8,810 ಸೆಕೆಂಡ್. 2024ರ ಫೆಬ್ರವರಿಯಲ್ಲಿ ಪಾಸ್.

ಇಷ್ಟಾದರೂ ಮೊದಲ ಸೀಟು ಮನುಷ್ಯರಿಗಲ್ಲ. 2020ರಲ್ಲಿ ಬೆಂಗಳೂರಲ್ಲಿ ಪರಿಚಯಿಸಿದ ರೋಬೋ ವ್ಯೋಮಮಿತ್ರಗೆ.